ಭಾವನ ಕೋಣೆಯಲ್ಲಿ ಐದು ಬೆಕ್ಕು

ಮದುವೆಯಾದಾಗ ನನಗೆ ಹೆಂಡತಿಯ ಜೊತೆಗೆ ಒಬ್ಬ ಭಾವನೂ ಸಿಕ್ಕರು. ಇದು ಎಲ್ಲರಿಗೂ ಸಿಗುವಂಥದ್ದೇ, ದೂರುವಂತಿಲ್ಲ. ಆದರೆ ಬೇರೆಯವರ ಭಾವಂದಿರು ಬಂದರೆ ಊಟ ಮಾಡುತ್ತಾರೆ, ಪೇಪರ್ ಓದುತ್ತಾರೆ, ಮಲಗುತ್ತಾರೆ, ಹೊರಟುಹೋಗುತ್ತಾರೆ. ನನ್ನ ಭಾವ ರಿಪೇರಿ ಮಾಡುತ್ತಾರೆ.

ಅವರು ಬಸ್ ಡಿಪೋದಲ್ಲಿ ಮೂವತ್ತೊಂದು ವರ್ಷ ಸ್ಟೋರ್ ಕೀಪರ್ ಆಗಿದ್ದವರು. ಮೂವತ್ತೊಂದು ವರ್ಷ ಒಂದು ಸಣ್ಣ ಕಿಟಕಿಯ ಹಿಂದೆ ಕೂತು ಮೆಕ್ಯಾನಿಕ್ಕುಗಳಿಗೆ ಸ್ಪ್ಯಾನರ್ ಕೊಟ್ಟರು, ಸಂಜೆ ವಾಪಸ್ ತೆಗೆದುಕೊಂಡರು, ಒರೆಸಿ ಗೂಡಿಗೆ ಸೇರಿಸಿದರು. ಅಷ್ಟೂ ವರ್ಷದಲ್ಲಿ ಒಂದೇ ಒಂದು ನಟ್ಟನ್ನು ಸ್ವತಃ ತಿರುಗಿಸಲು ಅವರಿಗೆ ಯಾರೂ ಬಿಡಲಿಲ್ಲ. ಹೀಗೆ ಅದುಮಿಟ್ಟ ಆಸೆ ನಿವೃತ್ತಿಯ ಮಾರನೆಯ ದಿನ ಭುಗಿಲೆದ್ದಿತು. ಭುಗಿಲೆದ್ದದ್ದು ನಮ್ಮ ಮನೆಯಲ್ಲಿ.

ಆರು ವರ್ಷದಿಂದ, ವರ್ಷಕ್ಕೆ ಒಂದು ತಿಂಗಳು, ಅವರು ನಮ್ಮ ಹಿಂದಿನ ಕೋಣೆಯಲ್ಲಿ ಬೀಡುಬಿಡುತ್ತಾರೆ. ಇದರ ಫಲವಾಗಿ ಈಗ ನಮ್ಮ ಹಿತ್ತಲ ನಲ್ಲಿ ತಿರುಗಿಸಿದರೆ ಮುಂಬಾಗಿಲ ಕರೆಗಂಟೆ ಹೊಡೆಯುತ್ತದೆ. (ಪಂಪಿನ ವೈರನ್ನೂ ಗಂಟೆಯ ವೈರನ್ನೂ ಜೊತೆಯಲ್ಲೇ ಒಯ್ದರೆ ವೈರು ಉಳಿಯುತ್ತದೆ ಎಂದು ಅವರ ಲೆಕ್ಕ. ವೈರು ಉಳಿದಿದೆ, ಸುಳ್ಳಲ್ಲ.) ಬಚ್ಚಲಮನೆಯ ದೀಪದ ಸ್ವಿಚ್ಚು ಅಡಿಗೆಮನೆಗೆ ವರ್ಗವಾಗಿದೆ. ಆದ್ದರಿಂದ ಸ್ನಾನಕ್ಕೆ ಹೋಗುವವನು ಹೆಂಡತಿಯ ಜೊತೆ ಮಾತು ಬಿಟ್ಟಿರಬಾರದು. ಗೋಡೆ ಗಡಿಯಾರ ವರ್ಷಕ್ಕೆ ಎರಡು ನಿಮಿಷ ಹಿಂದೆ ಬೀಳುತ್ತಿತ್ತು. ಅದನ್ನು ಬಿಚ್ಚಿ ಜೋಡಿಸಿದ ಮೇಲೆ ಬಲು ನಿಖರವಾಗಿ, ಹಿಮ್ಮುಖವಾಗಿ ಓಡುತ್ತದೆ.

ನಾನು ಅವರನ್ನು ಭಾವ ಎನ್ನುತ್ತೇನೆ, ಅವರೂ ನನ್ನನ್ನು ಭಾವ ಎನ್ನುತ್ತಾರೆ. ಒಂದೇ ಮನೆಯಲ್ಲಿ ಇಬ್ಬಿಬ್ಬರು ಭಾವಂದಿರಿದ್ದರೂ ಸದ್ಭಾವಕ್ಕೆ ಮಾತ್ರ ಅಭಾವ. (ಈ ಮಾತನ್ನು ಕಚೇರಿಯಲ್ಲಿ ಹೇಳಿ ನಗಿಸಿದ್ದೇನೆ. ಮನೆಯಲ್ಲಿ ಹೇಳಿಲ್ಲ.)

ಬರಬೇಡಿ ಎಂದು ಹೇಳುವಂತೆಯೂ ಇರಲಿಲ್ಲ. ನನ್ನ ಹೆಂಡತಿಗೆ ಒಂಬತ್ತು ವರ್ಷವಾಗಿದ್ದಾಗ ನನ್ನ ಮಾವ ತೀರಿಕೊಂಡರು. ಆಗ ಓದು ಬಿಟ್ಟು ಡಿಪೋಗೆ ಸೇರಿ ತಂಗಿಯನ್ನು ಓದಿಸಿದವರು ಈ ಅಣ್ಣ. ಅವಳ ಜಡೆ ಹೆಣೆಯುವುದನ್ನೂ ಅವರೇ ಕಲಿತರಂತೆ. ಮದುವೆ ಮಾಡಿಕೊಳ್ಳಲಿಲ್ಲ. ಡಿಪೋ ಹಿಂದಿನ ಒಂದು ಬಾಡಿಗೆ ಕೋಣೆಯಲ್ಲಿ ಇದ್ದಾರೆ. ಇಂಥವರ ಮೇಲೆ ಗೊಣಗಿದರೆ ಗೊಣಗಿದವನೇ ದುಷ್ಟನಾಗುತ್ತಾನೆ. ನಾನು ಆರು ವರ್ಷದಿಂದ ಮನಸ್ಸಿನಲ್ಲೇ ದುಷ್ಟನಾಗಿದ್ದೆ.

ಈ ವರ್ಷ ಒಂದು ಸೋಮವಾರ ಅವರ ಕಾರ್ಡು ಬಂತು. ನಾನು ಅಂಚೆ ಕಚೇರಿಯಲ್ಲಿ ಪಾರ್ಸೆಲ್ ಕೌಂಟರಿನವನು. ನಮ್ಮ ಮನೆಯ ಕೆಟ್ಟ ಸುದ್ದಿಗಳೆಲ್ಲ ಮೊದಲು ನನ್ನ ಮೇಜಿನ ಮೇಲೇ ಹಾದುಹೋಗುತ್ತವೆ. "ಮುಂದಿನ ವಾರ ಬರುತ್ತಿದ್ದೇನೆ" ಎಂದು ಬರೆದಿದ್ದರು. ಕಾರ್ಡನ್ನು ತೂಕದ ಯಂತ್ರದ ಮೇಲೆ ಇಟ್ಟು ಸುಮ್ಮನೆ ನೋಡುತ್ತ ಕೂತಿದ್ದೆ. ಯಂತ್ರ ಅದರ ತೂಕವನ್ನು ಬಹಳ ಕಡಿಮೆ ತೋರಿಸಿತು.

ಅಷ್ಟರಲ್ಲಿ ಪಶುವೈದ್ಯೆ ಬಂದರು. ವಾರಕ್ಕೊಮ್ಮೆ ರಿಜಿಸ್ಟರ್ಡ್ ಕವರುಗಳನ್ನು ತರುವ, ಎಂದೂ ನಗದ, ಎಂದೂ ಸಾಲು ತಪ್ಪಿಸದ ಹೆಂಗಸು. ಅವತ್ತು ಕವರಿನ ಜೊತೆ ಒಂದು ನೋಟಿಸು ತಂದಿದ್ದರು. ನಮ್ಮ ಬೋರ್ಡಿಗೆ ಹಚ್ಚಬೇಕಂತೆ. ಯಾವುದನ್ನು ಹಚ್ಚಿದರೂ ಓದಿ ಹಚ್ಚುವುದು ನನ್ನ ಪದ್ಧತಿ.

ಮುಚ್ಚಿಹೋದ ಸಾಬೂನು ಕಾರ್ಖಾನೆಯ ಹಿಂದಿನ ಬೀದಿ ಬೆಕ್ಕುಗಳ ನಡುವೆ ಒಂದು ಹುಚ್ಚುನಾಯಿ ನುಗ್ಗಿತ್ತು. ನಾಯಿ ಸತ್ತಿತು. ಅದಕ್ಕೆ ರೇಬೀಸ್ ಇದ್ದದ್ದು ಪರೀಕ್ಷೆಯಲ್ಲಿ ಖಾತ್ರಿಯಾಯಿತು. ಯಾವ ಬೆಕ್ಕಿಗೆ ಕಚ್ಚಿದೆ, ಯಾವುದಕ್ಕೆ ಕಚ್ಚಿಲ್ಲ ಎಂದು ಯಾರಿಗೂ ಗೊತ್ತಿಲ್ಲ. ಐದು ಬೆಕ್ಕುಗಳನ್ನು ಬೋನಿಟ್ಟು ಹಿಡಿದು ಲಸಿಕೆ ಹಾಕಿದ್ದರು. ಇನ್ನು ನಾಲ್ಕು ತಿಂಗಳು ಅವುಗಳನ್ನು ಯಾರ ಸಂಪರ್ಕಕ್ಕೂ ಬಾರದಂತೆ ಕ್ವಾರಂಟೈನಿನಲ್ಲಿ ಇಡಬೇಕು, ಇಲ್ಲದಿದ್ದರೆ ಇಂಜೆಕ್ಷನ್ ಕೊಟ್ಟು ಮುಗಿಸಬೇಕು. ಇಲಾಖೆಯ ಶೆಡ್ಡಿನಲ್ಲಿ ನಾಯಿಗಳು ತುಂಬಿದ್ದವು. ಪ್ರತ್ಯೇಕ ಕೋಣೆ ಇರುವ ಸಾರ್ವಜನಿಕರು ಯಾರಾದರೂ ಮುಂದೆ ಬಂದರೆ ಸರಿ, ಶುಕ್ರವಾರದವರೆಗೆ ಗಡುವು.

ಇಷ್ಟು ಓದಿದಾಗ ನನಗೆ ಬೆಕ್ಕುಗಳ ಬಗ್ಗೆ ಅಯ್ಯೋ ಪಾಪ ಎನಿಸಿತು. ಎನಿಸಲಿಲ್ಲ ಎಂದು ದಯವಿಟ್ಟು ತಿಳಿಯಬೇಡಿ. ಆದರೆ ಏಳನೆಯ ಷರತ್ತು ಓದಿದಾಗ ಆದದ್ದು ಬೇರೆ. "ನಿಗಾ ಅವಧಿಯಲ್ಲಿ ಸದರಿ ಕೋಣೆಗೆ ಹೊಣೆಗಾರರ ಹೊರತು ಅನ್ಯರಿಗೆ, ಬಂಧುಗಳಿಗೂ ಸಹ, ಪ್ರವೇಶವಿರುವುದಿಲ್ಲ."

ಬಂಧುಗಳಿಗೂ ಸಹ.

ನೋಟಿಸನ್ನು ನೋಡಿದೆ, ಕಾರ್ಡನ್ನು ನೋಡಿದೆ. ಇಪ್ಪತ್ತು ವರ್ಷದ ಅಂಚೆ ಸೇವೆಯಲ್ಲಿ ಎರಡು ಕಾಗದಗಳು ಒಂದಕ್ಕೊಂದು ಇಷ್ಟು ಚೆನ್ನಾಗಿ ಹೊಂದಿಕೊಂಡದ್ದನ್ನು ಕಂಡಿರಲಿಲ್ಲ.

ನಮ್ಮ ಮನೆಯಲ್ಲಿ ಒಂದು ಕೋಣೆ ಇದೆ ಎಂದೆ. ಪಶುವೈದ್ಯೆ ನನ್ನನ್ನು ಮೊದಲ ಸಲ ಮುಖ ಎತ್ತಿ ನೋಡಿದರು.

"ಸಾರ್, ಯೋಚನೆ ಮಾಡಿ ಹೇಳಿ. ಇವು ಸಾಕಿದ ಬೆಕ್ಕಲ್ಲ. ಮನುಷ್ಯರನ್ನ ಕಂಡ್ರೆ ಇವಕ್ಕೆ ಆಗಲ್ಲ."

"ಆ ವಿಷಯದಲ್ಲಿ ನಮ್ಮ ಅಭಿಪ್ರಾಯ ಒಂದೇ ಮೇಡಂ" ಎಂದು ಸಹಿ ಹಾಕಿದೆ.

ಒಂದು ತಿಂಗಳ ಭಾವನನ್ನು ತಪ್ಪಿಸಲು ನಾಲ್ಕು ತಿಂಗಳ ಬೆಕ್ಕು ಎಂದರೆ ಲೆಕ್ಕದಲ್ಲಿ ಏನೋ ಎಡವಟ್ಟಾಗಿದೆ ಎಂದು ನಿಮಗೆ ತೋರಬಹುದು. ನಿಮ್ಮ ಮನೆಯ ಗಡಿಯಾರ ಮುಂದಕ್ಕೆ ಓಡುತ್ತಿರಬೇಕು.

ಸಂಜೆ ಹೆಂಡತಿಗೆ ವಿಷಯವನ್ನು ಭೂತದಯೆಯಿಂದ ಪ್ರಾರಂಭಿಸಿ ಹೇಳಿದೆ. ಮೂಕಪ್ರಾಣಿಗಳು ಎಂದೆ. ಜೀವ ಎಲ್ಲರಿಗೂ ಒಂದೇ ಎಂದೆ. ಅವಳು ಬಟ್ಟೆ ಮಡಿಸುತ್ತಿದ್ದಳು, ಮಡಿಸುತ್ತಲೇ ಇದ್ದಳು.

"ಎಷ್ಟು ಬೆಕ್ಕು?"

"ಐದು."

"ಎಷ್ಟು ದಿನ?"

"ನಾಲ್ಕು ತಿಂಗಳು, ಅಷ್ಟೆ."

"ಎಲ್ಲಿ ಇರ್ತಾವೆ?"

"ಹಿಂದಿನ ರೂಮಲ್ಲಿ. ಹೇಗೂ ಖಾಲಿ ಬಿದ್ದಿದೆಯಲ್ಲ."

ಅವಳು ನನ್ನ ಒಂದು ಅಂಗಿಯ ಎರಡು ತೋಳನ್ನೂ ಹಿಂದಕ್ಕೆ ಕಟ್ಟಿ ಮಡಿಸಿದಳು. "ಅಣ್ಣನ ಕಾರ್ಡ್ ಬಂದಿದೆಯಾ?"

ಜೇಬಿನಿಂದ ತೆಗೆದುಕೊಟ್ಟೆ. ಛೆ, ಇದು ನೆನಪೇ ಆಗಲಿಲ್ಲ ನೋಡು, ಈಗೇನು ಮಾಡುವುದು, ಸರ್ಕಾರಿ ಕಾಗದಕ್ಕೆ ಸಹಿ ಬೇರೆ ಹಾಕಿಬಿಟ್ಟೆ ಎಂದು ಬೇಸರಪಟ್ಟೆ. ನಾನು ಬೇಸರಪಟ್ಟದ್ದನ್ನು ಅವಳು ಕೊನೆಯವರೆಗೂ ನೋಡಿದಳು. ಆಮೇಲೆ ಎದ್ದುಹೋಗಿ ಅಣ್ಣನಿಗೆ ಫೋನ್ ಮಾಡಿದಳು. ಇತ್ತ ಕಡೆಯ ಮಾತು ಮಾತ್ರ ನನಗೆ ಕೇಳಿಸಿತು. ಅದರಲ್ಲಿ "ಅವರೇ ಒಪ್ಕೊಂಡಿದಾರೆ" ಎನ್ನುವುದೂ, ಬಹಳ ಹೊತ್ತು ಬಿಟ್ಟು "ಇಲ್ಲ ಅಣ್ಣ, ನಿನಗೆ ಅಂತ ಅಲ್ಲ" ಎನ್ನುವುದೂ ಇತ್ತು. ಫೋನ್ ಇಟ್ಟು ಬಂದವಳು, ಬೆಕ್ಕಿನ ಯಾವ ಕೆಲಸಕ್ಕೂ ತನ್ನನ್ನು ಕರೆಯಕೂಡದು ಎಂದು ಒಂದೇ ಮಾತು ಹೇಳಿದಳು. ಅವತ್ತು ನಾನು ಬಚ್ಚಲಿನಲ್ಲಿ ಕತ್ತಲೆಯಲ್ಲೇ ಮುಖ ತೊಳೆದೆ.

ಬೆಕ್ಕುಗಳು ಗುರುವಾರ ಬಂದವು. ಅದಕ್ಕೆ ಮುಂಚೆ ಇಲಾಖೆಯ ಬಡಗಿ ಬಂದು ಕೋಣೆಯ ಬಾಗಿಲಿಗೆ ಹೊರಗಿನಿಂದ ಒಂದು ಜಾಲರಿ ಬಾಗಿಲು ಕೂಡಿಸಿ, ಗಟ್ಟಿ ಚಿಲಕ ಹಾಕಿ ಹೋಗಿದ್ದ. ನನಗೂ ಮುಂಜಾಗ್ರತೆಯ ಇಂಜೆಕ್ಷನ್ ಆಗಿತ್ತು. ಮೊಳಕೈವರೆಗೆ ಬರುವ ಚರ್ಮದ ಕೈಗವಸು, ಮೊಳಕಾಲುದ್ದದ ಗಂಬೂಟು ಕೊಟ್ಟರು. ಅವನ್ನು ತೊಟ್ಟು ಕನ್ನಡಿ ನೋಡಿಕೊಂಡೆ. ಜೇನು ಕೀಳುವವನೂ ಚರಂಡಿ ಇಳಿಯುವವನೂ ಒಂದೇ ದೇಹದಲ್ಲಿ ಅವತಾರವೆತ್ತಿದಂತಿತ್ತು.

ಐದು ಬೋನುಗಳನ್ನು ಕೋಣೆಯೊಳಗಿಟ್ಟು ಬಾಗಿಲು ತೆರೆದರು. ಐದು ಬೆಕ್ಕುಗಳು ಹೊರಬಂದದ್ದನ್ನು ನಾನು ನೋಡಲಿಲ್ಲ, ಯಾರೂ ನೋಡಲಿಲ್ಲ. ಒಂದು ಕ್ಷಣ ಬೋನಿನಲ್ಲಿದ್ದವು, ಮರುಕ್ಷಣ ಮೂರು ಅಟ್ಟದ ಮೇಲಿದ್ದವು, ಎರಡು ಮಂಚದ ಕೆಳಗಿದ್ದವು. ಭಾವ ವರ್ಷಾನುಗಟ್ಟಲೆ ಮಲಗಿದ ಹಾಸಿಗೆಯ ಮೇಲೆ ಒಂದಿಷ್ಟು ಕೂದಲು ಗಾಳಿಯಲ್ಲಿ ಇಳಿಯುತ್ತಿತ್ತು.

ಪಶುವೈದ್ಯೆ ನನಗೊಂದು ರಿಜಿಸ್ಟರ್ ಒಪ್ಪಿಸಿದರು. ಮೊದಲ ಪುಟದಲ್ಲಿ ಪ್ರತಿ ಬೆಕ್ಕಿನ ಚಹರೆ ಬರೆಯಬೇಕು. ಆಮೇಲೆ ಬೆಳಿಗ್ಗೆ ಸಂಜೆ ಪ್ರತಿಯೊಂದೂ ತಿಂದಿತೇ, ಕುಡಿಯಿತೇ, ಬಾಯಲ್ಲಿ ಜೊಲ್ಲು ಇದೆಯೇ, ನಡಿಗೆ ಹೇಗಿದೆ, ಸ್ವಭಾವದಲ್ಲಿ ಬದಲಾವಣೆ ಉಂಟೇ ಎಂದು ನಮೂದಿಸಬೇಕು. ಒಂದಕ್ಕೆ ರೋಗ ಕಾಣಿಸಿದರೂ ಐದನ್ನೂ ಕೊಲ್ಲಬೇಕಾಗುತ್ತದೆ, ಆದ್ದರಿಂದ ಗಮನವಿಟ್ಟು ಬರೆಯಿರಿ ಎಂದರು. ನಾನು ಅಟ್ಟದ ಕಡೆಗೊಮ್ಮೆ, ಮಂಚದ ಕೆಳಗೊಮ್ಮೆ ಬಗ್ಗಿ ನೋಡಿ, ಹೊಳೆಯುವ ಕಣ್ಣುಗಳನ್ನು ಎರಡರಿಂದ ಭಾಗಿಸಿ, ಚಹರೆ ತುಂಬಿಸಿದೆ. ಸ್ವಭಾವ ಎನ್ನುವ ಕಡೆ ಐದಕ್ಕೂ "ಸಿಟ್ಟು" ಎಂದು ಬರೆದೆ. ಒಂದು ವಾರವಾದರೂ ಅದರಲ್ಲಿ ಬದಲಾವಣೆ ಕಾಣಲಿಲ್ಲ.

ಇನ್ನುಳಿದಂತೆ ಆ ದಿನಗಳು ಸುಖವಾಗಿದ್ದವು. ಬೆಳಿಗ್ಗೆ ಐದೂವರೆಗೆ ಎದ್ದು ವೇಷ ಧರಿಸಿ, ಐದು ಮರಳಿನ ಟ್ರೇ ಬಳಿದು, ಐದು ತಟ್ಟೆ ತೊಳೆದು, ಮೀನು ಬೇಯಿಸಿ, ಮುಳ್ಳು ತೆಗೆದು, ಹಂಚಿಟ್ಟು, ಐದು ದಿಕ್ಕಿನಿಂದ ಬುಸ್ ಎನ್ನಿಸಿಕೊಂಡು ಹೊರಗೆ ಬಂದರೆ ಮುಗಿಯಿತು. ಮತ್ತೆ ಸಂಜೆಯವರೆಗೆ ವಿರಾಮ. ಮನೆಯಲ್ಲಿ ಯಾವುದೂ ರಿಪೇರಿಯಾಗುತ್ತಿರಲಿಲ್ಲ. ಕೆಟ್ಟದ್ದು ಕೆಟ್ಟಷ್ಟಕ್ಕೇ ನಿಂತಿತ್ತು.

ಒಂಬತ್ತನೆಯ ದಿನ ಮೂರನೆಯ ನಂಬರಿನ ಬೆಕ್ಕು ತಟ್ಟೆ ಮುಟ್ಟಲಿಲ್ಲ. ಸಂಜೆಯೂ ಮುಟ್ಟಲಿಲ್ಲ. ಮಾರನೆಯ ಬೆಳಿಗ್ಗೆಯೂ ಇಲ್ಲ. ಇದು ಕಪ್ಪು ಬಿಳುಪಿನ, ಮುದಿ, ದಪ್ಪ ಬೆಕ್ಕು. ಉಳಿದವು ಓಡಿದರೆ ಇದು ಓಡದೆ ಕೂತು ನೋಡುತ್ತಿತ್ತು. ನಾನು ಜಾಲರಿಯ ಹೊರಗೆ ಸ್ಟೂಲು ಹಾಕಿಕೊಂಡು ಕೂತೆ. ಊಟ ಬಿಡುವುದು ರೋಗದ ಮೊದಲ ಲಕ್ಷಣ ಎಂದು ನೋಟಿಸಿನಲ್ಲಿತ್ತು. ಇದೊಂದು ಹೋದರೆ ಉಳಿದ ನಾಲ್ಕೂ ಹೋಗುತ್ತವೆ. ನಾನು ಇವುಗಳನ್ನು ತಂದದ್ದು ಯಾವ ಘನ ಉದ್ದೇಶಕ್ಕೆ ಎಂದು ನಿಮಗೆ ಗೊತ್ತೇ ಇದೆ. ಆದರೂ ಅವತ್ತು ಕಚೇರಿಗೆ ರಜೆ ಹಾಕಿ ಪಶುವೈದ್ಯೆಗೆ ಹೇಳಿಕಳಿಸಿದೆ. ಅವರು ಬಂದು ಬೆಕ್ಕನ್ನು ಬಲೆಯಲ್ಲಿ ಹಿಡಿದು ಹೊಟ್ಟೆ ಒತ್ತಿ ನೋಡಿ, "ಇದು ಹಸಿದಿಲ್ಲ ಸಾರ್. ಹೊಟ್ಟೆ ಬಿರಿಯೋ ಹಾಗೆ ತಿಂದಿದೆ. ಯಾರು ಹಾಕ್ತಿದಾರೆ?" ಎಂದರು.

ನಾನು ಹಾಕುತ್ತಿಲ್ಲ ಎಂದೆ. ಹೆಂಡತಿ ಅಡಿಗೆಮನೆಯ ಬಾಗಿಲಲ್ಲಿ ನಿಂತು ಸೆರಗಿನ ಅಂಚನ್ನು ಪರೀಕ್ಷೆ ಮಾಡುತ್ತಿದ್ದಳು.

"ಮಧ್ಯಾಹ್ನ ಅದು ನನ್ನನ್ನೇ ನೋಡ್ತಾ ಕೂತಿರುತ್ತೆ ಮೇಡಂ" ಎಂದಳು ಕೊನೆಗೆ. "ಥೇಟ್ ನಮ್ಮ ಅತ್ತೆ ನೋಡ್ತಿದ್ದ ಹಾಗೆ. ಏನಾದ್ರೂ ಹಾಕದೆ ಅಲ್ಲಿಂದ ಎದ್ದು ಬರೋಕೆ ಆಗಲ್ಲ."

ದಿನಾ ಮಧ್ಯಾಹ್ನ ಜಾಲರಿಯ ಕೆಳಗಿನ ಸಂದಿನಿಂದ ಬೇಯಿಸಿದ ಕೋಳಿ ಒಳಗೆ ಹೋಗುತ್ತಿತ್ತಂತೆ. (ನನಗೆ ಆ ವಾರವೆಲ್ಲ ಸಪ್ಪೆ ಸಾರು.) ಅಂದಿನಿಂದ ಮೂರನೆಯ ನಂಬರಿಗೆ ಅತ್ತೆ ಎಂದೇ ಹೆಸರಾಯಿತು. ನನ್ನ ತಾಯಿ ಬದುಕಿದ್ದಾಗ ಅವಳು ಆ ಪದವನ್ನು ಇಷ್ಟು ಅಕ್ಕರೆಯಿಂದ ಉಚ್ಚರಿಸಿದ್ದನ್ನು ನಾನು ಕೇಳಿರಲಿಲ್ಲ. ನನಗೂ ಅವಳಿಗೂ ಮಾತು ಶುರುವಾಯಿತು, ಬಚ್ಚಲಿನಲ್ಲಿ ಬೆಳಕಾಯಿತು.

ಇಪ್ಪತ್ತೊಂದನೆಯ ದಿನ, ಬುಧವಾರ ಬೆಳಿಗ್ಗೆ, ಗಂಟೆ ಹೊಡೆಯಿತು. ಹಿತ್ತಲಲ್ಲಿ ಯಾರೂ ನಲ್ಲಿ ತಿರುಗಿಸಿರಲಿಲ್ಲ. ಬಾಗಿಲು ತೆರೆದರೆ ಭಾವ. ಒಂದು ಕೈಯಲ್ಲಿ ಬಟ್ಟೆಯ ಚೀಲ, ಇನ್ನೊಂದು ಕೈಯಲ್ಲಿ ರಿಪೇರಿ ಸಾಮಾನಿನ ತಗಡಿನ ಟ್ರಂಕು.

"ಐದು ಬೆಕ್ಕು, ನೀವೊಬ್ರೇ" ಎಂದರು. "ಪುಟ್ಟಿ ಫೋನ್ ಮಾಡಿದಾಗಿಂದ ನನಗೆ ನೆಮ್ಮದಿ ಇಲ್ಲ ಭಾವ. ರೂಮ್ ಇಲ್ದಿದ್ರೆ ಏನಂತೆ, ನಾನು ಹಾಲಲ್ಲಿ ಬಿದ್ಕೊಂಡಿರ್ತೀನಿ."

ಪುಟ್ಟಿ, ಅಂದರೆ ನನ್ನ ಹೆಂಡತಿ, ಅಣ್ಣನ ಸೊಂಟ ನೆಲಕ್ಕೆ ಆಗುವುದಿಲ್ಲ ಎಂದು ತೀರ್ಮಾನಿಸಿ ನನ್ನ ಮಂಚವನ್ನು ಹಾಲಿಗೆ ತರಿಸಿದಳು. ನನ್ನ ಸೊಂಟದ ಬಗ್ಗೆ ಚರ್ಚೆಯಾಗಲಿಲ್ಲ.

ಭಾವ ಮೊದಲು ಮಾಡಿದ ಕೆಲಸ ಜಾಲರಿ ಬಾಗಿಲ ಮುಂದೆ ಹೋಗಿ ನಿಂತದ್ದು. ನಾನು ಏಳನೆಯ ಷರತ್ತನ್ನು ಎರಡು ಸಲ ಓದಿ ಹೇಳಿದೆ. ಬಂಧುಗಳಿಗೂ ಸಹ ಎನ್ನುವುದನ್ನು ಒತ್ತಿ ಹೇಳಿದೆ. ಅವರು ಅದನ್ನು ಮನಃಪೂರ್ವಕವಾಗಿ ಒಪ್ಪಿದರು. ಡಿಪೋದಲ್ಲಿ ತಾವೂ ಕಿಟಕಿಯೊಳಗೆ ಯಾರನ್ನೂ ಬಿಟ್ಟವರಲ್ಲವಂತೆ. ಸ್ಟೂಲಿನ ಮೇಲೆ ಕೂತು ಒಂದು ಹಳೆಯ ನೋಟುಬುಕ್ಕು ತೆಗೆದು, ಜಾಲರಿಯ ಮೂಲಕ ನೋಡುತ್ತ ಏನೇನೋ ಬರೆದುಕೊಂಡರು. ದಿನವೂ ಹಾಗೆಯೇ ಮಾಡಿದರು. ಹತ್ತು ದಿನ ಏನನ್ನೂ ರಿಪೇರಿ ಮಾಡಲಿಲ್ಲ. ವಯಸ್ಸಾಯಿತು, ಪಾಪ, ಎಂದುಕೊಂಡೆ.

ಮೂವತ್ತೊಂದನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಕಚೇರಿಗೆ ಹೆಂಡತಿಯ ಫೋನ್ ಬಂತು.

"ರೀ, ಮನೆಗೆ ಬನ್ನಿ. ಅವಸರ ಏನಿಲ್ಲ. ಆದ್ರೆ ಈಗ್ಲೇ ಬನ್ನಿ."

ನಮ್ಮ ಬೀದಿಯ ತಿರುವಿನಲ್ಲೇ ಕರೆಗಂಟೆ ಕೇಳಿಸುತ್ತಿತ್ತು. ಬಾಗಿಲ ಮುಂದೆ ಯಾರೂ ಇರಲಿಲ್ಲ, ಗಂಟೆ ಒಂದೇ ಸಮನೆ ಹೊಡೆದುಕೊಳ್ಳುತ್ತಿತ್ತು. ಕಿಟಕಿಗಳೆಲ್ಲ ಮುಚ್ಚಿದ್ದವು. ನಾನೂ ಗುಂಡಿ ಒತ್ತಿದೆ. ಒತ್ತಿದ್ದು ಯಾರ ಗಮನಕ್ಕೂ ಬರುವಂತಿರಲಿಲ್ಲ. ಕೊನೆಗೆ ಬಾಗಿಲು ಬಡಿದು ಕೂಗಿದ ಮೇಲೆ ಹೆಂಡತಿ ನನ್ನ ಅರ್ಧ ಶರೀರಕ್ಕೆ ಸಾಲುವಷ್ಟು ಬಾಗಿಲು ತೆರೆದು, ಉಳಿದರ್ಧವನ್ನು ಎಳೆದುಕೊಂಡು, ಮತ್ತೆ ಮುಚ್ಚಿದಳು.

ಆದದ್ದು ಇಷ್ಟು. ಕೋಣೆಯ ಒಳಗೆ ಪ್ರವೇಶವಿಲ್ಲ, ಸರಿ. ಆದರೆ ಚಿಲಕ ಇರುವುದು ಜಾಲರಿಯ ಹೊರಗಡೆ. ಹೊರಗಡೆ ಎನ್ನುವುದು ಒಳಗಡೆಗೆ ಸೇರುವುದಿಲ್ಲ ಎಂದು ಭಾವ ಹತ್ತು ದಿನ ಯೋಚಿಸಿ ನಿರ್ಣಯಕ್ಕೆ ಬಂದಿದ್ದರು. ದಿನಾ ಎರಡೂ ಕೈಯಲ್ಲಿ ತಟ್ಟೆ ಹಿಡಿದು ನಾನು ಆ ಗಟ್ಟಿ ಚಿಲಕದ ಜೊತೆ ಒದ್ದಾಡುವುದನ್ನು ನೋಡಿ ಅವರಿಗೆ ಸಂಕಟವಾಗಿತ್ತು. ಮೊಳಕೈಯಿಂದ ಒಮ್ಮೆ ದೂಡಿದರೆ ಸಾಕು, ತಾನೇ ತೆರೆದುಕೊಳ್ಳುವಂತೆ ಅದನ್ನು ಸುಧಾರಿಸಿದರು. ಆ ಕಡೆಯಿಂದ ಅತ್ತೆ ಒಮ್ಮೆ ದೂಡಿತು. ಅದಕ್ಕೂ ತೆರೆದುಕೊಂಡಿತು.

ಅತ್ತೆಯ ಹಿಂದೆ ಉಳಿದವೂ ಬಂದವು. ಹೆಂಡತಿ ಓಡಿ ಕಿಟಕಿ ಬಾಗಿಲು ಹಾಕಿದಳು. ಭಾವ ಚಿಲಕವನ್ನು ಮೊದಲಿನಂತೆ ಮಾಡಲೆಂದು ಇಕ್ಕಳ ತೆಗೆಯಲು ಟ್ರಂಕಿಗೆ ಕೈ ಹಾಕಿದರು. ಟ್ರಂಕಿನಲ್ಲಿ ಆಗಲೇ ಒಂದು ಬೆಕ್ಕು ಇತ್ತು.

ಹಿತ್ತಲ ನಲ್ಲಿಯ ಕೆಳಗೆ ಭಾವ ಸಾಬೂನು ಹಚ್ಚಿಕೊಂಡು ಕೈ ಹಿಡಿದು ನಿಂತಿದ್ದರು. ಗೀರು ಬಿದ್ದರೆ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆಯಬೇಕೆಂದು ನೋಟಿಸಿನಲ್ಲಿ ಓದಿದ್ದರಂತೆ. ಮಣಿಕಟ್ಟಿನಿಂದ ಕೆಳಗೆ ನಾಲ್ಕು ಗೆರೆ ಎದ್ದಿದ್ದವು. ಮುಖ ಬಿಳಿಚಿಕೊಂಡಿತ್ತು. ಗಂಟೆಯ ಸದ್ದಿನ ನಡುವೆ ಏನೋ ಹೇಳಿದರು, ಕೇಳಿಸಲಿಲ್ಲ. ಹತ್ತಿರ ಹೋದೆ.

"ನಿಮಗೆ ಕೆಟ್ಟ ಹೆಸರು ಬರುತ್ತಾ ಭಾವ?" ಎಂದು ಕೇಳುತ್ತಿದ್ದರು.

ಆರು ವರ್ಷದಲ್ಲಿ ಮೊದಲ ಬಾರಿಗೆ ನನಗೆ ಅವರ ಮೇಲೆ ಸಿಟ್ಟು ಮಾಡಬೇಕಾದ ಜಾಗದಲ್ಲಿ ಸಿಟ್ಟು ಸಿಗಲಿಲ್ಲ. ಹುಡುಕಲು ಪುರಸೊತ್ತೂ ಇರಲಿಲ್ಲ. ಅವರನ್ನು ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋದೆ. ಗೀರಿನ ಸುತ್ತ ಕೆಲವು ಇಂಜೆಕ್ಷನ್, ತೋಳಿಗೊಂದು. ಇನ್ನು ಒಂದು ತಿಂಗಳೊಳಗೆ, ಹೇಳಿದ ತಾರೀಕಿಗೆ ತಪ್ಪದೆ ಬಂದು ನಾಲ್ಕು ಹಾಕಿಸಿಕೊಳ್ಳಬೇಕು, ಊರು ಬಿಟ್ಟು ಹೋಗಬಾರದು ಎಂದು ಡಾಕ್ಟರು ಚೀಟಿ ಬರೆದರು.

ನಾವು ವಾಪಸ್ ಬರುವಷ್ಟರಲ್ಲಿ ಪಶುವೈದ್ಯೆ ಬಂದು ಹಾಲಿನಲ್ಲಿ ನಿಂತಿದ್ದರು. ಬೆಕ್ಕುಗಳು ಬೀರುವಿನ ಮೇಲೆ, ಫ್ರಿಜ್ಜಿನ ಹಿಂದೆ, ಪರದೆಯ ತುದಿಯಲ್ಲಿ ಇದ್ದವು. ಇಲಾಖೆಯ ಇಬ್ಬರು ಬಲೆ ಹಿಡಿದು ಒಂದು ಗಂಟೆ ಓಡಾಡಿ ಒಂದು ಹೂದಾನಿಯನ್ನು ಮಾತ್ರ ಹಿಡಿದಿದ್ದರು. ಅದೂ ಒಡೆದುಹೋಗಿತ್ತು. ಭಾವ ಕೈಗೆ ಪಟ್ಟಿ ಕಟ್ಟಿಸಿಕೊಂಡವರು, ಎಲ್ಲರೂ ಸ್ವಲ್ಪ ಅಡಿಗೆಮನೆಗೆ ಹೋಗಿ ಎಂದು ಮೆತ್ತಗೆ ಹೇಳಿದರು. ಕೋಣೆಯ ಬಾಗಿಲು ತೆರೆದಿಟ್ಟು, ಒಳಗೆ ಮೀನಿನ ತಟ್ಟೆಗಳನ್ನು ಸಾಲಾಗಿ ಇಡಿಸಿ, ತಾವು ದೂರದಲ್ಲಿ ಗೋಡೆಗೆ ಒರಗಿ ಕೂತರು. ಮೂರು ಗಂಟೆ ಅಲುಗಾಡಲಿಲ್ಲ. ಕೆಮ್ಮಲಿಲ್ಲ. ಕಿಟಕಿಯ ಹಿಂದೆ ಮೂವತ್ತೊಂದು ವರ್ಷ ಕೂತ ಅಭ್ಯಾಸ. ಹೋದ ಸ್ಪ್ಯಾನರುಗಳು ಸಂಜೆಗೆ ಬಂದೇ ಬರುತ್ತವೆ ಎಂದು ಗೊತ್ತಿದ್ದವರ ಕೂರುವಿಕೆ ಅದು. ಒಂದೊಂದಾಗಿ ಬೆಕ್ಕುಗಳು ಅವರ ಮುಂದೆಯೇ ಹಾದು ಒಳಗೆ ಹೋದವು. ಅತ್ತೆ ಕೊನೆಗೆ, ತನಗೆ ಬೇಕಾದಾಗ, ಹೋಯಿತು. ಭಾವ ಎದ್ದು ಬಾಗಿಲು ಹಾಕಿ ತಾವೇ ಸುಧಾರಿಸಿದ ಚಿಲಕಕ್ಕೆ ಹಗ್ಗ ಬಿಗಿದರು.

ಪಶುವೈದ್ಯೆ ಜಾಲರಿಯಿಂದ ಎಣಿಸಿದರು. ಮತ್ತೆ ಎಣಿಸಿದರು.

"ಸಾರ್, ನಿಮಗೆ ಎಷ್ಟು ಕೊಟ್ಟಿದ್ದೆ?"

"ಐದು."

"ಆರಿದೆ."

ಕಿಟಕಿ ಮುಚ್ಚುವ ಮೊದಲೇ, ಮೀನಿನ ವಾಸನೆಗೆ ಬೀದಿಯಿಂದ ಒಂದು ಬಂದು ಸೇರಿಕೊಂಡಿತ್ತು. ಬಂದದ್ದು ಯಾವುದು ಎಂದು ನೋಡಲು ನನ್ನ ರಿಜಿಸ್ಟರ್ ತೆಗೆದು ಚಹರೆ ಓದಿದರು. ಗಟ್ಟಿಯಾಗಿ ಓದುವ ಅಗತ್ಯ ಇರಲಿಲ್ಲ, ಆದರೂ ಓದಿದರು. "ಒಂದನೆಯದು: ಬೂದು ಬಣ್ಣ, ಎರಡು ಕಿವಿ, ಒಂದು ಬಾಲ, ಸಿಟ್ಟು. ಎರಡನೆಯದು: ಮೇಲಿನಂತೆಯೇ. ನಾಲ್ಕನೆಯದು: ಮಂಚದ ಕೆಳಗೆ ಕತ್ತಲೆ ಇದೆ." ಇಲಾಖೆಯ ಇಬ್ಬರು ಗೋಡೆಯ ಕಡೆ ತಿರುಗಿ ನಿಂತರು.

ಆಗ ಭಾವ ತಮ್ಮ ನೋಟುಬುಕ್ಕನ್ನು ಅಳುಕುತ್ತ ಮುಂದೆ ಹಿಡಿದರು. ಪ್ರತಿ ಬೆಕ್ಕಿಗೂ ಎರಡು ಪುಟ. ಎಡಗಿವಿಯ ತುದಿ ಹರಿದದ್ದು, ಬಲ ಮುಂಗಾಲಿನ ಮೂರನೆಯ ಬೆರಳು ಬಿಳಿ, ಬಾಲದಲ್ಲಿ ಏಳು ಪಟ್ಟೆ, ಕೊನೆಯದು ಅರ್ಧ. ಯಾವುದು ಯಾವ ತಟ್ಟೆಯಿಂದ ಎಷ್ಟು ಹೊತ್ತಿಗೆ ತಿಂದಿತು, ಎಷ್ಟು ಉಳಿಸಿತು. ಪಶುವೈದ್ಯೆ ನಿಂತಲ್ಲೇ ಪೂರ್ತಿ ಓದಿದರು. ಒಂದು ನಿಮಿಷದಲ್ಲಿ ಹೊಸಬ ಯಾರೆಂದು ಪತ್ತೆಯಾಯಿತು. ಪತ್ತೆಯಾದರೂ ಪ್ರಯೋಜನವಿಲ್ಲ, ಎಲ್ಲಿಯದೋ ಏನೋ, ಎಲ್ಲದರ ಜೊತೆ ಬೆರೆತಿದೆ, ಆದ್ದರಿಂದ ಆರಕ್ಕೂ ಇವತ್ತಿನಿಂದ ಮತ್ತೆ ಒಂದನೆಯ ದಿನ ಎಂದರು. ನಾಲ್ಕು ತಿಂಗಳು. ಹೇಳಿ ನಕ್ಕರು. ಅವರು ನಗುವುದನ್ನು ನಾನು ಮೊದಲು ನೋಡಿದ್ದು ಆಗಲೇ, ಮತ್ತು ಅದು ಭಾವನನ್ನು ನೋಡಿ.

"ಹನ್ನೆರಡು ವರ್ಷದಿಂದ ಇಂಥ ಒಂದು ರಿಜಿಸ್ಟರ್‌ಗೆ ಕಾಯ್ತಿದ್ದೀನಿ. ನೀವೇ ಹೊಣೆಗಾರರಾಗಿ. ಇಂಜೆಕ್ಷನ್ ಬೇರೆ ಆಗ್ತಿದೆಯಲ್ಲ, ಇನ್ನು ಮುಂದೆ ಒಳಗೆ ಹೋಗೋಕೂ ತೊಂದ್ರೆ ಇಲ್ಲ."

ಫಾರಂನಲ್ಲಿ ನನ್ನ ಹೆಸರಿಗೆ ಒಂದು ಗೆರೆ ಎಳೆದು ಮೇಲೆ ಭಾವನ ಹೆಸರು ಬರೆದರು. ಹೊಣೆಗಾರರು ನಿಗಾ ಮುಗಿಯುವವರೆಗೆ ಅದೇ ಮನೆಯಲ್ಲಿ ವಾಸವಿರಬೇಕು ಎಂಬ ಷರತ್ತೂ ಇತ್ತು. ಹಿಂದೆ ನಾನು ಅದನ್ನು ಓದಿದ್ದರೂ ಗಮನಿಸಿರಲಿಲ್ಲ. ನನ್ನನ್ನು ಸಹಾಯಕ ಎಂಬ ಖಾನೆಗೆ ಇಳಿಸಿದರು. ಟ್ರೇ ಬಳಿಯುವುದು ಸಹಾಯಕನ ಕೆಲಸ.

ಮೂರು ದಿನ ಬಿಟ್ಟು ಎರಡನೆಯ ಇಂಜೆಕ್ಷನ್ನಿಗೆ ನಾನೇ ಭಾವನ ಜೊತೆ ಹೋದೆ. ಹೆಂಡತಿ ಹೋಗಿ ಎಂದಿರಲಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ನಮ್ಮ ಸರದಿಗೆ ಕಾಯುತ್ತಿದ್ದಾಗ, ಮಾತಿಗೆ ಏನಾದರೂ ಬೇಕಲ್ಲ ಎಂದು, ಡಿಪೋ ಕಡೆ ಏನು ಸಮಾಚಾರ ಎಂದು ಕೇಳಿದೆ.

ಭಾವ ಸ್ವಲ್ಪ ಸಂಕೋಚದಿಂದ ಹೇಳಿದರು. ಹೊಸ ಸ್ಟೋರ್ ಕೀಪರುಗಳಿಗೆ ಕೆಲಸ ಕಲಿಸಲು ಡಿಪೋದವರು ಅವರನ್ನು ವಾಪಸ್ ಕರೆದಿದ್ದರಂತೆ. ವರ್ಷಪೂರ್ತಿ ಕೆಲಸ, ರಜೆ ಕಡಿಮೆ.

"ಅದಕ್ಕೇ ಈ ಸಲ ನಾಲ್ಕೇ ದಿನ ಇದ್ದು ಹೋಗೋಣ ಅಂತ ಕಾರ್ಡ್ ಹಾಕಿದ್ದೆ. ಮುಂದಿನ ವರ್ಷದಿಂದ ಬರೋಕೂ ಆಗ್ತಿರಲಿಲ್ಲ ಅನ್ನಿ."

ನಾನು ಬೆಂಚಿನ ಅಂಚನ್ನು ಹಿಡಿದುಕೊಂಡೆ. "ಮತ್ತೆ?"

"ಮತ್ತೇನು, ಪುಟ್ಟಿ ಬೆಕ್ಕಿನ ವಿಷಯ ಹೇಳಿದ್ಳು. ಆಮೇಲೆ ಇನ್ನೊಂದು ಸಲ ಫೋನ್ ಮಾಡಿದಾಗ, ನೀವು ಬೆಳಿಗ್ಗೆ ಐದೂವರೆಗೇ ಎದ್ದು ಒಬ್ರೇ ಒದ್ದಾಡ್ತೀರಾ ಅಂದ್ಳು. ಮನೆಯವರು ಅಂತ ಇರೋದು ನೀವಿಬ್ರೇ. ಆಗಲ್ಲ ಅಂತ ಡಿಪೋಗೆ ಬರೆದುಬಿಟ್ಟೆ. ಬೇರೆಯವರನ್ನ ತಗೊಂಡ್ರಂತೆ."

ಕಾಂಪೌಂಡರ್ ಭಾವನ ಸರದಿ ಕೂಗಿದ. ಅವರು ಎದ್ದು ಅಂಗಿಯ ತೋಳು ಮಡಿಸಿಕೊಳ್ಳುತ್ತ, ಬಾಗಿಲವರೆಗೆ ಹೋಗಿ, ಏನೋ ನೆನಪಾದವರಂತೆ ತಿರುಗಿದರು.

"ಅಂದ ಹಾಗೆ ಭಾವ, ನಿಮ್ಮ ಅಡಿಗೆಮನೆ ಗೋಡೆ ಸ್ವಲ್ಪ ವಾಲಿದೆ. ಗಮನಿಸಿದೀರಾ? ಹೇಗೂ ನಾಲ್ಕು ತಿಂಗಳು ಟೈಮಿದೆ."

ಗಮನಿಸಿರಲಿಲ್ಲ. ಮನೆಗೆ ಬಂದ ಕೂಡಲೇ ಒಂದು ದಾರಕ್ಕೆ ಕಲ್ಲು ಕಟ್ಟಿ ಗೋಡೆಯ ಪಕ್ಕ ಇಳಿಬಿಟ್ಟು ನೋಡಿದೆ. ಗೋಡೆ ನೂಲು ಹಿಡಿದಂತೆ ನೆಟ್ಟಗಿತ್ತು. ಹಾಲಿನಲ್ಲಿ ಭಾವ ಟ್ರಂಕು ತೆರೆಯುವ ಸದ್ದು ಕೇಳಿಸಿತು. ನಾನು ಗೋಡೆಯ ಮೇಲೆ ಒಂದು ಸಲ ಕೈಯಾಡಿಸಿ, ಟ್ರೇ ಬಳಿಯಲು ಹೋದೆ.